ಬೆನ್ನು ಬಿಚ್ಚಿದ ಗಡಿಯಾರ

ಅಪ್ಪಾ,

ಮೇಷ್ಟ್ರಾಗಿದ್ದ ನೀವು ಒಂದು ಹಾಳೆಯ ಬುದ್ಧಿಪರೀಕ್ಷೆ ಮಾಡಿ, ಹತ್ತು ವರ್ಷದ ನನ್ನನ್ನು ಇಡೀ ತರಗತಿಯೆದುರು ‘ಮಂದ’ ಎಂದಿರಿ. ಅರವತ್ತೆಂಟನೇ ವಯಸ್ಸಿನಲ್ಲಿ ಇಂದು ಮತ್ತೆ ಅಂಥದೇ ಹಾಳೆ. ಹೆಸರುಗಳು ಮರೆಯುತ್ತಿವೆಯೆಂದು ಮಗಳು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಗಡಿಯಾರದ ಚಿತ್ರ ಬರೆಯಲು ಹೇಳಿದಳು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ, ಬೆನ್ನು ಬಿಚ್ಚಿದ ಗಡಿಯಾರವನ್ನೇ ಬರೆಯಿತು: ಹಲ್ಲುಚಕ್ರ, ಸ್ಪ್ರಿಂಗು, ತಿರುಪು.

“ಮುಳ್ಳೆಲ್ಲಿ ಅಜ್ಜಾ?”

“ಹಿಂದಿನಿಂದ ನೋಡಿದ್ರೆ ಮುಳ್ಳು ಕಾಣುತ್ತೇನಮ್ಮಾ?”

ಅವಳು ಸೊನ್ನೆ ಹಾಕಿದಳು. ಮನುಷ್ಯನನ್ನು ಹಾಳೆಯ ಮೇಲೆ ಅಳೆಯುವ ನಿಮ್ಮೆಲ್ಲರ ವಿದ್ಯೆಗೆ ಧಿಕ್ಕಾರ!

ದಾರಿಯುದ್ದಕ್ಕೂ ನಿಮ್ಮನ್ನೇ ಬೈದುಕೊಂಡು ಬಂದೆ. ಕಡೆಗಾಲದಲ್ಲಿ ನಿಮಗೂ ಮರೆವು ಹತ್ತಿತ್ತು. ಆಗ ನೆಂಟರೆಲ್ಲರ ಎದುರು, “ನಾನ್ಯಾರು ಹೇಳಿ ನೋಡೋಣ ಮೇಷ್ಟ್ರೇ” ಎಂದು ಕೇಳಿದ್ದೆ. ನೀವು ನನ್ನ ಅಂಗಿಯ ತೋಳು ಹಿಡಿದು ಯೋಚಿಸುತ್ತಲೇ ಇದ್ದಿರಿ. ಎಲ್ಲರೂ ನಕ್ಕರು. ಮೊದಲು ನಕ್ಕವನು ನಾನು.