ಚೀನೀ ಸೇನಾಪತಿ

೧೨ ಆಗಸ್ಟ್ ೧೯೯೦, ಭಾನುವಾರ, ಬೊರಿವಲಿ

ಮಧ್ಯಾಹ್ನ ಸಿನಿಮಾದಲ್ಲಿ ನೋಡಿದ ಆ ಚೀನೀ ಸೇನಾಪತಿ ಇನ್ನೂ ತಲೆಯಿಂದ ಇಳಿದಿಲ್ಲ. ಬಿಲ್ಡಿಂಗಿನವರೆಲ್ಲ ಸೇರಿ ವಿಸಿಆರ್ ಬಾಡಿಗೆಗೆ ತಂದಿದ್ದೆವು. ಭಾಷೆ ಯಾರಿಗೂ ಬಾರದು. ಪಕ್ಕದ ಮನೆ ಸುಮಿತ್ರಾ ತನಗೆ ತೋಚಿದ ಕಥೆ ಹೇಳುತ್ತಿದ್ದಳು. ಅದರಲ್ಲಿನ ಹುಡುಗಿ ನಮ್ಮ ಕಾಲದವಳು, ಕೈಯಲ್ಲಿ ವಾಚು ಬೇರೆ. ಹೇಗೋ ಐನೂರು ವರ್ಷ ಹಿಂದಕ್ಕೆ ಹೋಗಿದ್ದಳು. ಅಲ್ಲಿನ ಅರಮನೆಯಲ್ಲಿ ಸೇನಾಪತಿ ಅವಳ ತೊಡೆಯ ಮೇಲೇ ಸತ್ತ. ನನ್ನ ಕಣ್ಣೂ ತುಂಬಿತು. ಮುಂದಿನ ಕ್ಯಾಸೆಟ್ ಹಾಕಿದರೆ ಅದೇ ಸೇನಾಪತಿ ಕುದುರೆಯಿಂದಿಳಿದು, ಗುರುತೇ ಇಲ್ಲದವನ ಹಾಗೆ ಅವಳನ್ನು ನೋಡುತ್ತಾ ನಿಂತಿದ್ದ.

"ಅವನಿಗೋಸ್ಕರ ಇನ್ನೂ ಹಿಂದಕ್ಕೆ ಹೋಗಿದಾಳೆ ಕಣ್ರೀ" ಎಂದಳು ಸುಮಿತ್ರಾ. ಎಲ್ಲರೂ ಒಪ್ಪಿಕೊಂಡೆವು.

ಮುಗಿದ ಮೇಲೆ ಅವಳ ಗಂಡ ನಾಣಿ ಕ್ಯಾಸೆಟ್ ತಿರುಗಿಸಿ ನೋಡಿ, "ಅರೆ, ಎರಡನೇದನ್ನ ಮೊದಲು ಹಾಕಿಬಿಟ್ವಲ್ಲ!" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮನೆಯವರು ತೀರಿಕೊಂಡು ಬರುವ ದೀಪಾವಳಿಗೆ ಎರಡು ವರ್ಷ.

"ಸರಿಯಾಗಿ ಇನ್ನೊಂದ್ಸಲ ಹಾಕ್ಲಾ?" ಅಂತ ನಾಣಿ ಕೇಳಿದ.

ಬೇಡ ಅಂದೆ. ಸ್ವಲ್ಪ ಜೋರಾಗೇ ಅಂದೆ ಅಂತ ಕಾಣುತ್ತೆ, ಸುಮಿತ್ರಾ ತಿರುಗಿ ನೋಡಿದಳು. ಸರಿಯಾಗಿ ಹಾಕಿದರೆ ಅವನು ಮತ್ತೆ ಸಾಯಬೇಕಲ್ಲ.