ಅಕ್ಕ ಸಹಿ ಹಾಕದ ಪಿಸ್ತೂಲು

ಮಾರ್ಚ್ ೧೪, ಗುರುವಾರ

ಆ ‘ಟಕ್’ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ನಮ್ಮ ಪೊಲೀಸ್ ಆಯುಧ ವರ್ಕ್‌ಶಾಪಿಗೆ ರಿಪೇರಿಗೆ ಬಂದ ಸಾಹೇಬರ ಪಿಸ್ತೂಲಿಗೆ, ಗುಂಡು ಹಾರದಂತೆ ತಡೆಯುವ ಹೊಸ ಸೇಫ್ಟಿ ಭಾಗಗಳನ್ನು ಕೂರಿಸಿದ್ದು ನಾನು. ಸೇಫ್ಟಿ ಹಾಕಿ, ಗುಂಡಿಲ್ಲದ ಪಿಸ್ತೂಲಿನ ಟ್ರಿಗರ್ ಹತ್ತು ಸಲ ಒತ್ತಿದ್ದೆ, ಸದ್ದಿಲ್ಲ. ಸಾಹೇಬರು ಬಾಗಿಲಲ್ಲೇ ಅವಸರಪಡಿಸುತ್ತಿದ್ದರು. ಆದರೂ ನಮ್ಮ ಹಿರಿಯ ಮೆಕ್ಯಾನಿಕ್, ಎಲ್ಲರ ಅಕ್ಕ, ಮತ್ತೆ ಮತ್ತೆ ಒತ್ತಿ ನೋಡಿದಳು. ಹತ್ತೊಂಬತ್ತನೆಯ ಸಲ ‘ಟಕ್’. ಸೇಫ್ಟಿ ಹಿಡಿದಿರಲಿಲ್ಲ; ಗುಂಡಿದ್ದರೆ ಹಾರುತ್ತಿತ್ತು.

“ಯಾರ್ರೀ ಕೂರಿಸಿದ್ದು?” ಎಂದು ಸಾಹೇಬರು ರೇಗಿದರು.

“ಪರೀಕ್ಷೆ ಪಾಸಾಯ್ತು ಅಂತ ಸಹಿ ಹಾಕೋಳು ನಾನು ಸಾರ್, ನನ್ನನ್ನೇ ಕೇಳಿ. ಪಿಸ್ತೂಲು ನಾಳೆ ಕೊಡ್ತೀವಿ,” ಎಂದಳು ಅಕ್ಕ.

ಅವರು ಹೋದ ಮೇಲೂ ಅಕ್ಕ ನನ್ನನ್ನು ಬೈಯಲಿಲ್ಲ. “ತಪ್ಪೆಲ್ಲಿದೆ, ನೀನೇ ಹುಡುಕು,” ಎಂದು ಪಕ್ಕದಲ್ಲೇ ಕೂತಳು. ಸ್ಪ್ರಿಂಗ್ ಕೂದಲೆಳೆಯಷ್ಟು ಓರೆಯಾಗಿತ್ತು. ಸರಿಮಾಡಿ ಇನ್ನೂರು ಸಲ ಒತ್ತಿದೆವು. ಆಮೇಲೆ ಅಕ್ಕ ಪೆನ್ನನ್ನು ನನಗೇ ಕೊಟ್ಟಳು.

“ಇವತ್ತು ನೀನೇ ಹಾಕು.”

ಅವಳ ಸಹಿಯ ಜಾಗದಲ್ಲಿ ನನ್ನ ಸಹಿ ಹಾಕಿದೆ. ಇಂಥವಳ ಕೈಕೆಳಗೆ ಕೆಲಸ ಕಲಿಯುವುದು ನನ್ನ ಪುಣ್ಯ.