ಎಡರೆಕ್ಕೆಯ ಅಂಟು

ಮನೆಯಿಂದ
ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನುನೋವು ವಾಸಿಯಾಯಿತಾ? ದಿನವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ಬಗ್ಗಿಕೊಂಡು ಊರವರ ರಕ್ತ ನೋಡುವವಳಿಗೆ ತನ್ನ ಬೆನ್ನು ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಹೊತ್ತುಹೊತ್ತಿಗೆ ಊಟ ಮಾಡು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿ ಮಾತ್ರ ಕರಕರ ಅನ್ನುತ್ತದೆ. ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡಿದವರು, ಈಗ ವಿಮಾನದ ಕೆಳಗೆ ಮಲಗುತ್ತಾರೆ, ಅಷ್ಟೇ ವ್ಯತ್ಯಾಸ.

ಹೌದು, ನಾವೇ ಕಟ್ಟುತ್ತಿರುವ ಆ ಎರಡು ಸೀಟಿನ ವಿಮಾನ ಇನ್ನೂ ಮನೆಯಲ್ಲೇ ಇದೆ. ಮೈ ಶೆಡ್ಡಿನಲ್ಲಿ, ಬಾಲ ನಿನ್ನ ಕೋಣೆಯಲ್ಲಿ, ಎಡರೆಕ್ಕೆ ನಡುಮನೆಯಲ್ಲಿ ಎರಡು ಬೆಂಚುಗಳ ಮೇಲೆ. ಅಡುಗೆಮನೆಗೆ ಹೋಗಬೇಕಾದರೆ ರೆಕ್ಕೆಯ ಕೆಳಗೆ ನುಸುಳಬೇಕು. ನಿನ್ನ ಬಡಗಿ ಚಿಕ್ಕಪ್ಪ ದಿನಕ್ಕೆರಡು ಸಲ ತಲೆ ಹೊಡೆಸಿಕೊಂಡು, ತನ್ನ ಕೈಯಾರೆ ಕೆತ್ತಿದ ಮರದ ಪಟ್ಟಿಗಳಿಗೆ ತಾನೇ ಬೈಯುತ್ತಾನೆ. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದದ್ದನ್ನು ನೀನೂ ನಿಮ್ಮಪ್ಪನೂ ನೆಲದ ತುಂಬ ಹರಡಿಕೊಂಡು ಕೂತ ದಿನ ನೆನಪಿದೆಯಾ? ನನಗೆ ಕಾಲಿಡಲು ಜಾಗವಿರಲಿಲ್ಲ, ಆದರೂ ಅಷ್ಟು ಸಂತೋಷದ ದಿನ ಈ ಮನೆ ಕಂಡಿದ್ದು ಕಡಿಮೆ.

ಆ ರೆಕ್ಕೆ ಮತ್ತೆ ನಡುಮನೆಗೆ ಯಾಕೆ ಬಂತು ಅಂತ ಹೇಳಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಒಂದೂವರೆ ವರ್ಷದಿಂದ ನಾನು ಹೆಗಲು ಮುಟ್ಟಿಕೊಂಡೇ ಓಡಾಡುತ್ತಿದ್ದೇನೆ. ರೆಕ್ಕೆಯೊಳಗಿನ ಮರದ ಪಟ್ಟಿಗಳಿಗೆ ಅಂಟು ಕಲಸುವ ಕೆಲಸ ನನ್ನದಾಗಿತ್ತು. ಎರಡು ಡಬ್ಬಿಯ ದ್ರವವನ್ನು ಪುಟ್ಟ ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು ಅಂತ ನೀನು ಗೋಡೆಯ ಮೇಲೆ ಬರೆದು ಅಂಟಿಸಿದ್ದೆ. ಆವತ್ತು ತಕ್ಕಡಿಯ ಸೆಲ್ ಮುಗಿದಿತ್ತು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳ ಊಟಕ್ಕೆ ಕೈಯಳತೆಯಲ್ಲೇ ಉಪ್ಪು ಹಾಕಿದವಳು ನಾನು, ಒಂದು ದಿನವೂ ಹೆಚ್ಚುಕಡಿಮೆ ಆದದ್ದಿಲ್ಲ. ಇದೇನು ಮಹಾ ಅಂತ ಕಣ್ಣಳತೆಯಲ್ಲಿ ಸುರಿದು ಕಲಸಿದೆ.

ರೆಕ್ಕೆಗೆ ಬಟ್ಟೆ ಹೊದಿಸಿ ಮುಗಿಸಿದ ಮೇಲೆ ನೀನು ಉಳಿದ ಅಂಟಿನ ಬಟ್ಟಲಿಗೆ ಉಗುರು ಒತ್ತಿ, “ಅಪ್ಪಾ, ಇದು ಗಟ್ಟಿನೇ ಆಗಿಲ್ಲ. ರೆಕ್ಕೆ ಬಿಚ್ಚಬೇಕು” ಅಂದೆ. ಅವರು ನನ್ನ ಕಡೆ ತಿರುಗಿ, “ತೂಗೇ ಕಲಸಿದ್ದೆ ತಾನೆ?” ಅಂತ ಕೇಳಿದರು. ನಾನು ಹೂಂ ಅಂದೆ. ಅಷ್ಟೇ, ಒಂದು ಹೂಂ. ಆಮೇಲಿನದ್ದು ನಿನಗೆ ಗೊತ್ತು. “ನಿಮ್ಮಮ್ಮ ಸುಳ್ಳು ಹೇಳ್ತಾಳೇನೇ?” ಅಂತ ಅವರು, “ಹಾಗಾದ್ರೆ ಇದ್ರಲ್ಲಿ ನಾನು ಕೂರಲ್ಲ” ಅಂತ ನೀನು, “ಕೂರಬೇಡ ಹೋಗು, ನಿನ್ನ ಸೀಟಲ್ಲಿ ಮರಳಿನ ಮೂಟೆ ಇಡ್ತೀನಿ” ಅಂತ ಅವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ವಾರವೇ ನೀನು ಆ ಊರಿನ ಕೆಲಸ ಒಪ್ಪಿಕೊಂಡು ಹೊರಟೆ. ನಾನು ಬಾಗಿಲಲ್ಲಿ ನಿಂತು ಬುತ್ತಿ ಕೊಟ್ಟೆನೇ ಹೊರತು ಬಾಯಿ ಬಿಡಲಿಲ್ಲ. ನೀನು ಅಪ್ಪ ಹಟಮಾರಿ ಅಂದುಕೊಂಡು ಹೋದೆ. ಹಾಗೆ ಹೋಗಲು ಬಿಟ್ಟವಳು ನಾನು.

ಕಳೆದ ತಿಂಗಳು ಪರೀಕ್ಷಕರು ಬರುವ ದಿನ ಗೊತ್ತಾಯಿತು. ಅವರು ಸಹಿ ಹಾಕಿದರೆ ಹಾರಿಸಬಹುದು. ಹಾರುವ ದಿನಕ್ಕೆಂದು ತಂದ ಹೊಸ ಟೋಪಿ ಹಾಕಿಕೊಂಡು ನಿಮ್ಮಪ್ಪ ಕನ್ನಡಿಯ ಮುಂದೆ ನಿಂತಿದ್ದನ್ನು ನೋಡಿದೆ. ಮಗಳನ್ನು ದೂರ ಮಾಡಿದ್ದು ಸಾಲದೆ ಈ ಮನುಷ್ಯನನ್ನೂ ಕಳೆದುಕೊಳ್ಳುತ್ತೇನಾ ಅನ್ನಿಸಿತು. ಅಲ್ಲೇ ಎಲ್ಲ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಉಪಕರಣದ ಪೆಟ್ಟಿಗೆಯ ತಳದಿಂದ ಅದೇ ಬಟ್ಟಲು ತಂದು ನನ್ನ ಮುಂದಿಟ್ಟರು. ಅಂಟಿನ ತುಂಬ ಉಗುರಿನ ಗುರುತು. ಒಂದೂವರೆ ವರ್ಷ, ಇವತ್ತಾದರೂ ಗಟ್ಟಿಯಾಗಿರಬಹುದು ಅಂತ ಒತ್ತಿ ಒತ್ತಿ ನೋಡಿದ್ದಾರೆ, ಮಹಾನುಭಾವರು! “ನೀನಾಗೇ ಹೇಳ್ತೀಯ ಅಂತ ಕಾದೆ” ಅಂದರು. ಪರೀಕ್ಷಕರಿಗೆ ಫೋನ್ ಮಾಡಿ ಮೂರು ತಿಂಗಳು ಬಿಟ್ಟು ಬನ್ನಿ ಅಂತ ಆಗಲೇ ಹೇಳಿಟ್ಟಿದ್ದರಂತೆ. ಟೋಪಿ ಹಾಕಿದ್ದು ಬರೀ ಹೇಗೆ ಕಾಣುತ್ತೆ ಅಂತ ನೋಡೋಕಂತೆ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ.

ಮರುದಿನವೇ ರೆಕ್ಕೆ ಬಿಚ್ಚಿದೆವು. ನಾನು ಎರಡು ತಿಂಗಳು ಕೂತು ಹೊಲಿದ ಬಟ್ಟೆಯನ್ನು ನಾನೇ ಕತ್ತರಿಸಿದೆ. ನೀನು ಹೇಳಿದ್ದು ನೂರಕ್ಕೆ ನೂರು ನಿಜ, ಆರು ಪಟ್ಟಿ ಕೈಯಲ್ಲೇ ಕಿತ್ತು ಬಂದವು. ಚಿಕ್ಕಪ್ಪ ಹೊಸದು ಮಾಡಿಕೊಟ್ಟಿದ್ದಾನೆ. ಈಗ ಅಂಟು ಕಲಸುವವಳು ನಾನೇ, ಆದರೆ ತಕ್ಕಡಿಯ ಮುಂದೆ ಕನ್ನಡಕ ಹಾಕಿಕೊಂಡು. ನಿಮ್ಮಪ್ಪ ಪಕ್ಕದಲ್ಲಿ ನಿಂತು ಅಂಕಿ ಓದುತ್ತಾರೆ. ಗೋಡೆಯ ಮೇಲಿನ ನಿನ್ನ ಚೀಟಿ ಹಾಗೇ ಇದೆ.

ತಪ್ಪು ನನ್ನದು, ಮಗಳೇ. ಅವರ ಮೇಲಿನ ಕೋಪವನ್ನು ನನ್ನ ಮೇಲೆ ಹಾಕು, ನಾನು ತಡೆದುಕೊಳ್ಳುತ್ತೇನೆ. ನೂರು ಕಾಲ ಸುಖವಾಗಿರು. ಚಿಕ್ಕಪ್ಪ ಕೇಳಿದೆ ಅಂತ ಹೇಳಲು ಹೇಳಿದ್ದಾನೆ.

ಇಂತಿ,
ಈಗ ತೂಗಿಯೇ ಸುರಿಯುವ
ನಿನ್ನ ಅಮ್ಮ

ಮರೆತಿದ್ದೆ: ಮೊದಲು ಕೆಲವು ಸಲ ಅವರೊಬ್ಬರೇ ಹಾರಿಸಬೇಕಂತೆ, ಆಮೇಲೆ ಎರಡನೇ ಸೀಟು. ವಿಮಾನದಲ್ಲಿ ಕೂರುವವರು ಯಾರು ಎಷ್ಟು ಭಾರ ಅಂತ ಬರೆಯುವ ಹಾಳೆಯೊಂದಿದೆ. ಎರಡನೇ ಸೀಟಿನ ಮುಂದೆ ಮರಳಿನ ಮೂಟೆ ಅಂತ ಬರೆದದ್ದನ್ನು ನಿಮ್ಮಪ್ಪ ಹೊಡೆದುಹಾಕಿ, ನಿನ್ನ ಹಳೆಯ ತೂಕ ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದಾರೆ. ಕೇಳು ಅಂತ ಹೇಳಿಲ್ಲ, ಹಾಳೆಯನ್ನು ನನ್ನ ಕಣ್ಣಿಗೆ ಬೀಳುವಲ್ಲಿ ಇಟ್ಟು ಹೋಗಿದ್ದಾರೆ. ಈಗ ಎಷ್ಟಿದ್ದೀಯ, ಬೇಗ ಬರೆ. ನಿಮ್ಮಮ್ಮನ ಹಾಗೆ ಅಂದಾಜಿನಲ್ಲಿ ಬೇಡ, ತೂಗಿಯೇ ಬರೆ.